ಗಂಡಿನ ಕಡೆಯವರು

ಮೇ ೪, ಸೋಮವಾರ

ಮದುವೆಯ ಕೆಲಸ ಹಂಚಿಕೆಯಾಯಿತು. ನಾನು ಮದುವೆಯಾಗಲಿರುವವಳು, ತಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಇಡೀ ಮದುವೆಯನ್ನು ಎರಡು ಹೋಳು ಮಾಡಿದಳು. ಬಟ್ಟೆಬರೆ, ಜನರನ್ನು ಕರೆಯುವುದು, ಅವಳ ಚಿಕ್ಕಮ್ಮಂದಿರ ಮುನಿಸು ತೀರಿಸುವುದು ಅವಳ ಪಾಲಿಗೆ. ಹಾಲ್, ಅಡುಗೆಯವರು, ವಾಹನ ನನ್ನ ಪಾಲಿಗೆ.

"ಇನ್ನೊಂದು. ನಿಮ್ಮ ಕಡೆಯವರನ್ನ ನೀವೇ ನೋಡ್ಕೋಬೇಕು. ನನ್ನ ತಲೆಗೆ ಕಟ್ಟಬೇಡಿ," ಎಂದಳು.

ನನ್ನ ಕಡೆಯವರು ಎಂದರೆ ಅಪ್ಪ, ಅಕ್ಕ, ಭಾವ. ಅಷ್ಟೇ. ಒಪ್ಪಿಕೊಂಡೆ.

ಅವಳ ಬೆನ್ನ ಹಿಂದೆ ವಾರ್ಡುಗಳಿಂದ ಬಂದ ಹೊದಿಕೆಗಳ ಮೂಟೆ. ಅದಕ್ಕೇ ಒರಗಿಕೊಂಡು ತಿನ್ನುತ್ತಿದ್ದಳು. ಮೂಟೆಯ ಮೇಲೆ ಏನು ಒಣಗಿದೆ ಎಂದು ನೋಡಿದೆ, ನೋಡಬಾರದಿತ್ತು. ಒಂದು ತುತ್ತು ನನಗೂ ಚಾಚಿದಳು. ಊಟ ಆಗಿದೆ ಎಂದೆ.

"ಮೂಗಪ್ಪನೋರೆ, ಸುಳ್ಳು ಹೇಳಬೇಡಿ," ಎಂದು ನಕ್ಕಳು.

ಮೂಗಪ್ಪ ಎಂಬುದು ಊರಿನ ಹೋಟೆಲಿನವರು ನನಗಿಟ್ಟ ಹೆಸರು. ಅವರ ಅಡುಗೆಮನೆಗಳ ಕೊಳೆಯನ್ನು ಮೂಸಿ ಹುಡುಕಿ ಬೀಗ ಹಾಕಿಸುವುದು ನನ್ನ ನೌಕರಿ. ಅವಳು ಪರಿಚಯವಾದದ್ದೂ ಹಾಗೆಯೇ: ಆಸ್ಪತ್ರೆಯ ಕ್ಯಾಂಟೀನನ್ನು ತಪಾಸಣೆ ಮಾಡಿ ನಾನು ಬಾಗಿಲು ಮುಚ್ಚಿಸಿದಾಗ, ಊಟವಿಲ್ಲದೆ ಸಿಟ್ಟಾಗಿ ಜಗಳಕ್ಕೆ ಬಂದವಳು ಅವಳೊಬ್ಬಳೇ.

ಮೇ ೯, ಶನಿವಾರ

ಮೊದಲನೆಯ ಹಾಲ್. ಕೈತೊಳೆಯುವ ಬೇಸಿನ್ನಿನ ತೂತಿನಲ್ಲಿ ಯಾರದೋ ಉದ್ದ ಕೂದಲು, ಅದಕ್ಕೆ ಅಂಟಿದ ಅಗುಳು. ಮ್ಯಾನೇಜರ್ ಅದನ್ನು ಬೆರಳಲ್ಲೇ ಎಳೆದು, ಬೆರಳನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯನ್ನು ಅಭಿನಂದನೆ ಹೇಳಲು ನನ್ನತ್ತ ಚಾಚಿದ. ನಾನು ಎರಡೂ ಕೈ ಜೇಬಿಗೆ ಹಾಕಿಕೊಂಡೆ.

ಎರಡನೆಯದರಲ್ಲಿ ಕುರ್ಚಿಯ ಬಟ್ಟೆಗಳ ಮೇಲೆ ಹಿಂದಿನ ಮದುವೆಗಳ ಎಣ್ಣೆ ಕಲೆ. ಕಲೆಯ ಮೇಲೆ ಸೆಂಟು ಹೊಡೆದಿದ್ದರು. ಬರೀ ಕೊಳೆಯನ್ನು ಹೇಗೋ ಸಹಿಸಬಹುದು. ಕೊಳೆಯ ಮೇಲಿನ ಸೆಂಟು ನೇರವಾಗಿ ಕರುಳಿಗೇ ಕೈ ಹಾಕುತ್ತದೆ.

ಮೂರನೆಯದೂ ಗಲೀಜೇ. ಹಿಂದುಗಡೆ ಚರಂಡಿ ಕಟ್ಟಿಕೊಂಡು ಲೋಳೆ ನಿಂತಿದೆ. ಆದರೆ ಊಟದ ಹಾಲ್‌ಗೆ ಅಂಟಿಕೊಂಡು ಒಂದು ಚಿಕ್ಕ ಕೋಣೆಯಿದೆ, ಅದಕ್ಕೆ ಗಟ್ಟಿ ಬಾಗಿಲಿದೆ. ಮ್ಯಾನೇಜರನನ್ನು ಒಳಗೆ ನಿಲ್ಲಿಸಿ, ಬಾಗಿಲು ಹಾಕಿಸಿ, ಜೋರಾಗಿ ಕೆಮ್ಮಲು ಹೇಳಿದೆ. ಹೊರಗೆ ಏನೂ ಕೇಳಿಸಲಿಲ್ಲ. ಮುಂಗಡ ಕೊಟ್ಟುಬಿಟ್ಟೆ.

ಕೋಣೆ ಅಪ್ಪನಿಗೆ. ಲಕ್ವ ಹೊಡೆದ ಮೇಲೆ ಅಪ್ಪನ ಬಾಯಿಯ ಬಲಭಾಗ ಜೋತುಬಿದ್ದಿದೆ. ತಿನ್ನಿಸಿದ್ದರಲ್ಲಿ ಅರ್ಧ ಒಳಗೆ ಹೋದರೆ ಅರ್ಧ ಗದ್ದದ ಮೇಲೆ ಇಳಿಯುತ್ತದೆ, ಜೊತೆಗೆ ಎಳೆ ಎಳೆಯಾಗಿ ಜೊಲ್ಲು. ಕೆಮ್ಮು ಬಂತೆಂದರೆ ಎದುರು ಕೂತವರಿಗೆಲ್ಲ ಪಾಲು. ಅಪ್ಪ ಉಣ್ಣುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಇರದ ಹಾಗೆ ನೋಡಿಕೊಂಡಿದ್ದೇನೆ. ಆಯಾ ತಿನ್ನಿಸುತ್ತಾಳೆ. ಮದುವೆಯಾಗುವವಳು ಮನೆಗೆ ಬಂದಾಗಲೆಲ್ಲ ಮೊದಲೇ ಉಣ್ಣಿಸಿ, ಮುಖ ತೊಳೆಸಿ, ಕಿಟಕಿಯ ಪಕ್ಕ ಕೂರಿಸಿರುತ್ತೇನೆ. ಅವಳಿಗೆ ಅಪ್ಪ ಎಂದರೆ ಮಾತು ಸ್ವಲ್ಪ ತೊದಲುವ, ಚೊಕ್ಕವಾದ ಮುದುಕರು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದಾಗಲೂ ಅಷ್ಟೇ. ಹೆಬ್ಬೆರಳನ್ನು ನಾಲಗೆಗೆ ಒತ್ತಿ ಟಿಕೆಟ್ ಹರಿಯುತ್ತಿದ್ದರು. ಜನ ಆ ಟಿಕೆಟನ್ನು ತುಟಿಯಲ್ಲಿ ಕಚ್ಚಿಕೊಂಡು ಜೇಬು ತಡಕುತ್ತಿದ್ದರು. ನನ್ನ ಹೇಸಿಗೆ ಹುಟ್ಟಿದ್ದು ಆ ಬಸ್ಸಿನಲ್ಲೇ ಇರಬೇಕು.

ಬೀಗರ ಎದುರಿಗೆ, ಎಲ್ಲರ ಕಣ್ಣ ಮುಂದೆ ಆ ಊಟ ನಡೆಯುವುದು ಬೇಡ. ಇಂಥದ್ದನ್ನು ಮುಂದಾಗಿ ಯೋಚಿಸುವುದೇ ಗಂಡಿನ ಜವಾಬ್ದಾರಿ.

ಮೇ ೧೭, ಭಾನುವಾರ

ಅಡುಗೆಯವರು. ಒಬ್ಬ ಮೂಗು ಒರೆಸಿದ ಕೈಯಲ್ಲೇ ಹಿಟ್ಟು ಕಲಸಿದ. ಇನ್ನೊಬ್ಬನ ಫ್ರಿಜ್ ತೆಗೆದರೆ ಬೆಕ್ಕಿನ ಊಟವೂ ಅತಿಥಿಗಳ ಊಟವೂ ಒಂದೇ ಪಾತ್ರೆಯಲ್ಲಿ. ಮತ್ತೊಬ್ಬ ಸೌಟಿನಿಂದ ಸೂಪು ಹೀರಿ, ಚಪ್ಪರಿಸಿ, ಸೌಟನ್ನು ಹಾಗೇ ವಾಪಸ್ ಅದ್ದಿದ.

"ಎಂಜಲು ಮಾಡಿದ್ರಲ್ಲ," ಎಂದೆ.

"ಕುದೀತಿದೆ ಸಾರ್. ಕುದಿಯೋದರಲ್ಲಿ ಎಲ್ಲ ಸತ್ತೋಗುತ್ತೆ."

"ನಿಮ್ಮ ನಾಚಿಕೆಯೂ ಸತ್ತೋಗಿದೆ ಅನ್ಸುತ್ತೆ."

ಅವನು ಸೌಟು ಎತ್ತಿ ಬಾಗಿಲು ತೋರಿಸಿದ. ಕೊನೆಗೆ ಸಿಕ್ಕವನು ಒಬ್ಬ ದಪ್ಪನೆಯ, ಮಾತು ಕಡಿಮೆಯ ಮನುಷ್ಯ. ಉಗುರು ತೋರಿಸಿ ಎಂದರೆ ಕೈಯನ್ನೂ ತೋರಿಸಿದ, ಚಪ್ಪಲಿ ಬಿಚ್ಚಿ ಕಾಲನ್ನೂ ತೋರಿಸಿದ. ವ್ಯಂಗ್ಯವೋ ಮರ್ಯಾದೆಯೋ ತಿಳಿಯಲಿಲ್ಲ. ಅವನನ್ನೇ ಗೊತ್ತು ಮಾಡಿದೆ.

ಅವಳ ಫೋನು. "ಅಡುಗೆಯವರು ಸಿಕ್ಕಿದ್ರಾ, ಇಲ್ಲ ಎಲ್ಲರನ್ನೂ ಜೈಲಿಗೆ ಹಾಕ್ಸಿದ್ರಾ?"

ಮೇ ೨೦, ಬುಧವಾರ

ಆಯಾ ಬಿಟ್ಟುಹೋದಳು. ಮಧ್ಯಾಹ್ನ ಯಾವುದೋ ಕಾಗದ ಮರೆತು ಮನೆಗೆ ಬಂದವನಿಗೆ ಕಂಡದ್ದು: ಮೇಜು ಒರೆಸುವ ಬಟ್ಟೆಯಲ್ಲೇ ಅಪ್ಪನ ಬಾಯಿ ಒರೆಸುತ್ತಿದ್ದಾಳೆ. ಎಲ್ಲಿ, ನಿನ್ನ ಉಗುರು ತೋರಿಸು ಎಂದೆ. ಅವಳು ಚಮಚ ಕೆಳಗಿಟ್ಟಳು.

"ನಿಮ್ಮಪ್ಪನ ಬಾಯಿ ಒರೆಸೋಕೆ ನಾನು ಬೇಕು. ನನ್ನ ಉಗುರು ನೋಡೋಕೆ ಮಾತ್ರ ನೀವು ಬರ್ತೀರ. ಒಂದು ವಾರ ನೀವೇ ಒರೆಸಿ, ಆಮೇಲೆ ಉಗುರಿನ ಮಾತಾಡೋಣ."

ಅಪ್ಪನ ತಲೆ ಸವರಿ, ಕೊಡೆ ತೆಗೆದುಕೊಂಡು ಹೊರಟೇಬಿಟ್ಟಳು. ಅಕ್ಕನಿಗೆ ಫೋನು ಮಾಡಿದರೆ ಸೊಂಟ ಹಿಡಿದಿದೆಯಂತೆ. ನನ್ನ ಮದುವೆ ಹತ್ತಿರ ಬಂದಾಗಲೇ ಅವಳ ಸೊಂಟಕ್ಕೆ ಹಿಡಿಯಬೇಕಿತ್ತು. ಬೇರೆ ಆಯಾ ಸದ್ಯಕ್ಕೆ ಸಿಗುವುದಿಲ್ಲ ಎಂದರು ಏಜೆನ್ಸಿಯವರು.

ಮೇ ೨೧, ಗುರುವಾರ

ತಿನ್ನಿಸಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಪಾಸಣೆಯ ಗ್ಲೌಸ್ ಹಾಕಿಕೊಂಡು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಪ್ರೇಷನ್ನಾ?" ಎಂದರು. ಅರೆಜಗಿದ ಅಗುಳು ಜೊಲ್ಲಿನೊಂದಿಗೆ ನನ್ನ ಮಣಿಕಟ್ಟಿನ ಮೇಲೆ ಬಿತ್ತು, ಗ್ಲೌಸ್ ಮುಗಿಯುವ ಜಾಗದಲ್ಲೇ. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಮೇ ೨೨, ಶುಕ್ರವಾರ

ಇವತ್ತು ಬರೀ ಓಕರಿಕೆ. ಏನೂ ಹೊರಬರಲಿಲ್ಲ, ಹೊಟ್ಟೆಯಲ್ಲಿ ಏನಾದರೂ ಇದ್ದರೆ ತಾನೆ.

ಮೇ ೨೫, ಸೋಮವಾರ

ಅಪ್ಪನಿಗೆ ನೆತ್ತಿಗೆ ಹತ್ತಿತು. ಮುಖ ಕಪ್ಪಿಟ್ಟಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಬೆನ್ನಿಗೆ ಗುದ್ದಿದೆ, ಬಾಯೊಳಗೆ ಬೆರಳು ಹಾಕಿ ಬಲಗೆನ್ನೆಯ ಸಂದಿನಿಂದ ಅನ್ನದ ಮುದ್ದೆಯೊಂದನ್ನು ಎಳೆದು ತೆಗೆದೆ. ಉಸಿರು ಬಂತು. ಇಬ್ಬರೂ ನೆಲದ ಮೇಲೆ ಕೂತೆವು. ಗ್ಲೌಸ್ ಹರಿದಿತ್ತು.

ಬಲಗೆನ್ನೆಗೆ ಸೇರಿದ್ದು ಅಲ್ಲೇ ಕೊಳೆಯುತ್ತದೆ, ಅಪ್ಪನಿಗೆ ಅದರ ಅರಿವೇ ಇರುವುದಿಲ್ಲ. ಎಡಗೆನ್ನೆಗೆ ಇಡಬೇಕು. ನಾನು ಅವರ ಎಡಕ್ಕೇ ಕೂರಬೇಕು. ಗದ್ದ ತಗ್ಗಿಸಿ ನುಂಗಿದರೆ ಕೆಮ್ಮು ಬರುವುದಿಲ್ಲ. ಆಯಾ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಂದ ಹಾಗೆ, ವಾಹನದವನು ಬಂದಿದ್ದ. ಸೀಟಿನ ಸಂದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ. ವಾಪಸ್ ಕಳಿಸಿದೆ.

ಮೇ ೩೦, ಶನಿವಾರ

ಅಕ್ಕ, ಭಾವ ಬಂದರು. ಸೊಂಟ ಸರಿಯಾಗಿದೆಯಂತೆ. ಅಪ್ಪನ ಊಟದ ಹೊತ್ತು. ಗ್ಲೌಸ್‌ನಲ್ಲಿ ಚಮಚ ಜಾರುತ್ತದೆಂದು ಈಗ ಬರಿಗೈಯಲ್ಲೇ ತಿನ್ನಿಸುತ್ತೇನೆ. ಅಕ್ಕ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಭಾವ ಟಿವಿ ಹಾಕಿಕೊಂಡು ಧ್ವನಿ ಏರಿಸಿದರು.

ಆಮೇಲೆ ಹಾಲ್‌ನ ಕೋಣೆಯ ವಿಷಯ ಹೇಳಿದೆ. ಅಕ್ಕನ ಮುಖ ಅರಳಿತು.

"ಒಳ್ಳೆ ಕೆಲಸ ಮಾಡಿದೆ. ನಾನೇ ಹೇಳಬೇಕು ಅಂತಿದ್ದೆ. ಫೋಟೋಗೆ ಒಂದು ನಿಮಿಷ ಕೂರಿಸಿ ಒಳಗೆ ಕಳಿಸಿಬಿಡು. ಬೆಳಗ್ಗೆಯಿಂದ ಏನೂ ಕೊಡಬೇಡ, ಆಗ ಏನೂ ಬರೋದೂ ಇಲ್ಲ. ಅವರ ಕಡೆಯವರು ಇದನ್ನ ನೋಡಿದ್ರೆ ಜನ್ಮದಲ್ಲಿ ಮರೀತಾರಾ?"

"ಇದನ್ನ ಅಂದ್ರೆ?"

"ಇದನ್ನ," ಎಂದು ಅಪ್ಪ ಇದ್ದ ಕಡೆ ಗದ್ದ ತೋರಿಸಿದಳು.

ಅಕ್ಕ ಹೇಳಿದ್ದು ನಾನು ಯೋಚಿಸಿದ್ದನ್ನೇ. ಅಷ್ಟಕ್ಕೂ ಹಾಲ್ ಗೊತ್ತು ಮಾಡಿದವನು ನಾನು. ಆದರೂ ಅವಳು ಚಹಾ ಕುಡಿಯುವ ರೀತಿ ನೋಡಿ ಮೈಯೆಲ್ಲ ಉರಿಯಿತು. ಬಸಿಗೆ ಸುರಿದುಕೊಂಡು ಸೊರ್ ಎಂದು ಹೀರುತ್ತಾಳೆ, ಬಸಿಯ ಅಂಚಿನಲ್ಲಿ ತುಟಿಯ ಬಣ್ಣ. ಮನುಷ್ಯರ ಹಾಗೆ ಕುಡಿ ಎಂದೆ. ಅವಳೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು, ಭಾವ ಟಿವಿ ಆರಿಸಿ ಚಪ್ಪಲಿ ಹುಡುಕಿದರು. ಬಸಿಯ ಮೇಲಿನ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ, ಕಸಕ್ಕೆ ಎಸೆದೆ.

ಪಕ್ಕದ ಕೋಣೆಯಲ್ಲಿ ಅಪ್ಪ ಎಚ್ಚರವಾಗಿದ್ದರೋ ಏನೋ.

ಜೂನ್ ೩, ಬುಧವಾರ

ಹಾಲ್ ತೋರಿಸಲು ಅವಳನ್ನು ಕರೆದೊಯ್ದೆ. ಎಲ್ಲವೂ ಸರಿಯಾಗಿಯೇ ಇತ್ತು. ಮೇಜುಗಳನ್ನು ನೋಡಿದಳು, ದೀಪ ಹಾಕಿ ಆರಿಸಿದಳು, ಚರಂಡಿಯ ನಾತಕ್ಕೆ ಮ್ಯಾನೇಜರನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಆಮೇಲೆ ಆ ಬಾಗಿಲು ತೆರೆದಳು.

"ಇದು ಸಾಮಾನು ಇಡೋಕಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಮುಂದೆ ಬಂದ. "ಇಲ್ಲ ಮೇಡಂ, ಸಾರ್ ಅವರ ತಂದೆಗೆ. ಬಾಗಿಲು ಹಾಕಿದ್ರೆ ಒಳಗೆ ಕೆಮ್ಮಿದ್ರೂ ಹೊರಗೆ ಕೇಳ್ಸಲ್ಲ. ಸಾರ್ ಚೆಕ್ ಮಾಡ್ಸಿದಾರೆ."

ಅವಳು ಅವನನ್ನು ಹೊರಗೆ ಕಳಿಸಿದಳು. ಬಾಗಿಲ ಹಿಡಿಯನ್ನು ಬಿಡಲಿಲ್ಲ.

"ನಿಮ್ಮ ಕಡೆಯವರನ್ನ ನೋಡ್ಕೊಳ್ಳಿ ಅಂದಿದ್ದೆ. ಬಚ್ಚಿಡಿ ಅಂದಿರಲಿಲ್ಲ."

"ಅವರು ಊಟ ಮಾಡೋದು ನೀನು ನೋಡಿಲ್ಲ. ನಿನಗೆ ಮುಜುಗರ ಆಗಬಾರದು ಅಂತ."

"ನನಗಾ? ಮನುಷ್ಯರ ಮೈಯಿಂದ ಬರೋದೆಲ್ಲ ನನ್ನ ಕೈ ಮೇಲೆ ಹೋಗುತ್ತೆ ದಿನಾ. ಒಂದು ದಿನಾನೂ ಹೊಟ್ಟೆ ತೊಳೆಸಿದ್ದಿಲ್ಲ. ಈಗ ತೊಳೆಸ್ತಿದೆ." ಬಾಗಿಲನ್ನೊಮ್ಮೆ ಹಾಕಿ ತೆಗೆದು ಕೇಳಿದಳು, "ನಾಳೆ ನನಗೇ ಹಾಗಾದ್ರೆ ಯಾವ ಕೋಣೆ ನೋಡಿಟ್ಟಿದೀರ?"

ಆಯಾ ಹೋದದ್ದು, ನಾನು ತಿನ್ನಿಸುತ್ತಿರುವುದು ಅವಳಿಗೆ ಗೊತ್ತಿಲ್ಲ. ಹೇಳಬಹುದಿತ್ತು. ಹೇಳುವಂಥದ್ದೇನಿದೆ ಅದರಲ್ಲಿ.

"ನಾನು ಮತ್ತೊಂದ್ಸಲ ಯೋಚನೆ ಮಾಡಬೇಕು. ಹಾಲ್ ಬಗ್ಗೆ ಅಲ್ಲ," ಎಂದು ಬಸ್ ಹತ್ತಿ ಹೋದಳು.

ಜೂನ್ ೪, ಗುರುವಾರ

ಫೋನು ಎತ್ತುತ್ತಿಲ್ಲ.

ಒಂದು ಬೇಕರಿಗೆ ಬೀಗ ಹಾಕಿಸಿದೆ. ಹಿಟ್ಟಿನಲ್ಲಿ ಹುಳ. ಬೇಕರಿಯವನು ಅತ್ತ. ಅಳುವಾಗ ಅವನ ಮೂಗಿನಿಂದ ಇಳಿದದ್ದು ಮೀಸೆಗೆ ಸೇರಿ ಅಲ್ಲೇ ನಿಂತಿತು. ಜನರಿಗೆ ಕರ್ಚೀಫ್ ಎಂಬುದೊಂದು ಇದೆ ಎಂಬುದೇ ಗೊತ್ತಿಲ್ಲ.

ಜೂನ್ ೬, ಶನಿವಾರ

ಅಪ್ಪ ಸಂಜೆ ಅರ್ಧ ಬಟ್ಟಲೂ ತಿನ್ನಲಿಲ್ಲ. ತುಟಿ ಬಿಗಿಹಿಡಿದು ಸಾಕು ಎಂದರು.

"ಯಾಕೆ, ಚೆನ್ನಾಗಿಲ್ವಾ?"

"ಅಭ್ಯಾಸ ಮಾಡ್ಕೋತಿದೀನಿ." ಅವರ ಮಾತು ಬಾಯಲ್ಲಿ ಉರುಳಿ ಉರುಳಿ ಬರುತ್ತದೆ, ಕಾಯಬೇಕು. "ಅವತ್ತು ಬೆಳಗ್ಗೆಯಿಂದ ಏನೂ ಕೊಡಬಾರದಂತಲ್ಲ."

ಅಂದರೆ ಅಕ್ಕ ಹೇಳಿದ್ದೆಲ್ಲ ಕೇಳಿಸಿದೆ.

"ಇಲ್ಲ ಅಂದ್ರೆ ಹೀಗ್ ಮಾಡು. ನೀವೆಲ್ಲ ಹೊರಡಿ. ನಾನು ಮುಂದಿನ ಬಸ್ಸಿಗೆ ಬರ್ತೀನಿ." ಹೇಳಿ ಎಡಗಡೆಯ ಅರ್ಧ ಬಾಯಲ್ಲಿ ನಕ್ಕರು. ಎಷ್ಟು ವರ್ಷ ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು, ನೇತಾಡುವವರನ್ನು ಮುಂದಿನ ಬಸ್ಸಿಗೆ ಬನ್ನಿ ಎಂದೇ ಇಳಿಸಿದ್ದರು.

ಸರಿ, ಒಳ್ಳೆಯದೇ ಆಯಿತು ಎಂದುಕೊಂಡೆ. ಅವರೇ ಬರುವುದಿಲ್ಲ ಎಂದ ಮೇಲೆ ಕೋಣೆಯ ಪ್ರಶ್ನೆಯೂ ಇಲ್ಲ, ಜಗಳವೂ ಇಲ್ಲ. ನನ್ನತ್ತ ಯಾರೂ ಬೆರಳು ತೋರಿಸುವ ಹಾಗಿಲ್ಲ. ಹೀಗೆಲ್ಲ ಲೆಕ್ಕ ಹಾಕುತ್ತಲೇ ಚಮಚ ಹಿಡಿದು ಕೂತಿದ್ದೆ. ಆಗ, ಆ ಮ್ಯಾನೇಜರ್ ಒಳಗೆ ನಿಂತು ಕೆಮ್ಮಿದ್ದು, ನಾನು ಹೊರಗೆ ಬಾಗಿಲಿಗೆ ಕಿವಿಯಾನಿಸಿ ಸಮಾಧಾನಪಟ್ಟಿದ್ದು ನೆನಪಾಯಿತು. ಥೂ.

"ಸುಮ್ನೆ ಬಾಯಿ ತೆಗೀರಿ. ಬಟ್ಟಲು ಖಾಲಿ ಆಗೋವರೆಗೂ ನಾನು ಏಳಲ್ಲ," ಎಂದು ಗದರಿದೆ.

ಹಟಮಾರಿ ಮುದುಕ. ಖಾಲಿಯಾಗುವಷ್ಟರಲ್ಲಿ ಕತ್ತಲಾಯಿತು.

ಜೂನ್ ೮, ಸೋಮವಾರ

ಕೆಲಸಕ್ಕೆ ರಜೆ ಹಾಕಿ ಲಾಂಡ್ರಿಗೆ ಹೋದೆ. ಒಳಗೆ ಹಬೆ, ಸೋಡಾ, ರಕ್ತ, ಉಚ್ಚೆ ಎಲ್ಲ ಬೆರೆತ ಒಂದೇ ಬಿಸಿ ನಾತ; ಅದು ಮೂಗಿಗಿಂತ ಮೊದಲು ನಾಲಗೆಗೆ ತಾಗುತ್ತದೆ. ಅವಳು ಉದ್ದನೆಯ ಮೇಜಿನ ಮುಂದೆ ಹೊದಿಕೆಗಳನ್ನು ಬಿಡಿಸಿ ಬೇರೆ ಮಾಡುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಊಟಕ್ಕೆ ಕೂರೋದು ಹೇಗೆ ಅಂತ ಹೇಳೋಕೆ ಬಂದೆ," ಎಂದೆ.

"ಹೇಳಿ."

"ಅಪ್ಪ ನನ್ನ ಬಲಕ್ಕೆ. ನೀನು ಎಡಕ್ಕೆ."

"ನನ್ನನ್ನ ಒಪ್ಪಿಸೋಕಾ?"

"ಅಲ್ಲ. ನಾನು ಅವರ ಎಡಕ್ಕೆ ಇರ್ಬೇಕು. ಎಡಗೆನ್ನೆಗೇ ಇಡ್ಬೇಕು ತುತ್ತು. ಬಲಕ್ಕೆ ಹೋದ್ರೆ ಅವರಿಗೆ ಗೊತ್ತೇ ಆಗಲ್ಲ, ನೆತ್ತಿಗೆ ಹತ್ತುತ್ತೆ. ಬೇರೆಯವರಿಗೆ ಇದು ತಿಳಿಯಲ್ಲ. ಆಯಾನೂ ಹೇಳಿರಲಿಲ್ಲ. ನುಂಗುವಾಗ ಗದ್ದ ತಗ್ಗಿಸ್ಬೇಕು. ಅನ್ನ ಮೆತ್ತಗಿರ್ಬೇಕು, ಆದ್ರೆ ನೀರಾಗಿರಬಾರದು. ಅಡುಗೆಯವನಿಗೆ ಹೇಳಿ ಬಂದಿದೀನಿ."

ಅವಳ ಕೈ ನಿಂತಿತು.

"ಆಯಾ ಎಲ್ಲಿ?"

"ಬಿಟ್ಟುಹೋಗಿ ಬಹಳ ದಿನ ಆಯ್ತು."

"ಮತ್ತೆ ಯಾರು ತಿನ್ನಿಸ್ತಿರೋದು?"

ಎಂಥ ಪ್ರಶ್ನೆ. ಮನೆಯಲ್ಲಿ ಇರುವುದು ಇಬ್ಬರೇ.

ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಅಂಗಿಯನ್ನು. ಕಾಲರಿನ ಹತ್ತಿರ ಬೆಳಗಿನ ಗಂಜಿ ಒಣಗಿ ಅಂಟಿಕೊಂಡಿತ್ತು, ನಾನು ಗಮನಿಸಿರಲಿಲ್ಲ. ಉಗುರಿನಿಂದ ಕೆರೆದು ತೆಗೆದಳು. ಅದೇ ಕೈಯಲ್ಲಿ ಅದಕ್ಕೂ ಮೊದಲು ಏನನ್ನು ಮುಟ್ಟಿದ್ದಳೋ.

"ವಾಹನದವನನ್ನ ಗೊತ್ತು ಮಾಡಿದ್ರಾ?" ಎಂದು ಕೇಳಿದಳು.

"ಎಲ್ಲರ ಸೀಟೂ ಗಲೀಜು."

"ಹಾಗಾದ್ರೆ ನಡ್ಕೊಂಡು ಬನ್ನಿ," ಎಂದಳು. ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು, ನಗುತ್ತಿದ್ದಳೋ ಏನೋ.

ಜೂನ್ ೧೫, ಸೋಮವಾರ

ನಿನ್ನೆ ಮದುವೆಯಾಯಿತು. ಜನರ ಬೆವರು, ಸೆಂಟು, ಯಾರೋ ಮಗುವಿನ ವಾಂತಿ, ಮೆಟ್ಟಿಲ ಮೇಲೆ ಎಲೆಯಡಿಕೆಯ ಉಗುಳು. ಬೇಸಿನ್ನಿನಲ್ಲಿ ಸೋಪು ಎರಡನೆಯ ಪಂಕ್ತಿಗೇ ಮುಗಿಯಿತು. ಆ ಹಾಲ್ ಮೇಲೆ ಕೆಲಸಕ್ಕೆ ಹೋದ ಕೂಡಲೇ ವರದಿ ಬರೆಯುತ್ತೇನೆ, ಮ್ಯಾನೇಜರ್ ಎಷ್ಟು ಹಲ್ಲು ಗಿಂಜಿದರೂ ಸರಿ.

ಊಟಕ್ಕೆ ಹೇಳಿದ ಹಾಗೆಯೇ ಕೂತೆವು. ಅಪ್ಪ ಬಲಕ್ಕೆ, ಅವಳು ಎಡಕ್ಕೆ. ಎದುರು ಅವಳ ಸೋದರಮಾವ, ಅವರ ಪಕ್ಕ ಚಿಕ್ಕಮ್ಮಂದಿರು. ಅಕ್ಕ ದೂರದ ಮೇಜಿಗೆ ಹೋಗಿ ಬೆನ್ನು ಹಾಕಿ ಕೂತಳು. ಮೊದಲು ಎಲ್ಲ ಸರಿಯಾಗಿ ನಡೆಯಿತು. ನಂತರ ಯಾರೋ ಅಪ್ಪನ ಬಲಗಡೆಯಿಂದ ಏನೋ ಕೇಳಿದರು, ಅಪ್ಪ ಬಾಯಲ್ಲಿ ತುತ್ತಿದ್ದಾಗಲೇ ಅತ್ತ ತಿರುಗಿದರು. ಕೆಮ್ಮು ಬಂತು. ಅನ್ನ ನನ್ನ ಹೊಸ ಅಂಗಿಯ ಮೇಲೆ, ಮೇಜಿನ ಮೇಲೆ, ಒಂದಿಷ್ಟು ಸೋದರಮಾವನ ತಟ್ಟೆಯವರೆಗೂ ಹಾರಿತು. ಹತ್ತಿರದ ಮೇಜುಗಳಲ್ಲಿ ಮಾತು ನಿಂತಿತು.

ನಾನು ಗದ್ದ ತಗ್ಗಿಸಿ ಹಿಡಿದೆ. ಬೆನ್ನು ತಟ್ಟಿದೆ. ಕೆನ್ನೆಯ ಸಂದಿಗೆ ಬೆರಳು ಹಾಕಿ ಸಿಕ್ಕಿಕೊಂಡದ್ದನ್ನು ತೆಗೆದೆ. ಒರೆಸುವ ಬಟ್ಟೆ ಕೈಗೆ ಸಿಗಲಿಲ್ಲ, ತೋಳಿನಿಂದಲೇ ಒರೆಸಿದೆ. ಅಪ್ಪನ ಉಸಿರು ಸರಿಹೋದ ಮೇಲೆ ಮುಂದಿನ ತುತ್ತು ಇಟ್ಟೆ. ಅವರು ಜನರನ್ನು ನೋಡಿ ಬಾಯಿ ಮುಚ್ಚಿಕೊಂಡರು. "ಇಲ್ಲಿ ನೋಡಿ, ನನ್ನ ಕಡೆ," ಎಂದೆ. ತೆರೆದರು.

ಸೋದರಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿ, ಮುಖ ಸಿಂಡರಿಸಿಕೊಂಡು ಎದ್ದುಹೋದರು. ಎಂಥ ಮನುಷ್ಯ. ಅಷ್ಟು ಹೊತ್ತೂ ಕಡ್ಡಿಯಿಂದ ಹಲ್ಲಿನ ಸಂದು ಕೆದಕಿ, ಬಂದದ್ದನ್ನು ಕಣ್ಣ ಮುಂದೆ ಹಿಡಿದು ನೋಡುತ್ತಿದ್ದವರು ಅವರೇ. ಅವಳು ಅವರ ತಟ್ಟೆ ಎತ್ತಿ ಬದಿಗಿಟ್ಟು, "ಮಾವ, ಕೈ ತೊಳ್ಕೊಂಡು ಬಂದು ಇಲ್ಲೇ ಕೂತ್ಕೊಳ್ಳಿ, ಬೇರೆ ಬಡಿಸ್ತಾರೆ," ಎಂದಳು. ಅವರು ಬರಲಿಲ್ಲ. ಆದರೆ ಹಿರಿಯ ಚಿಕ್ಕಮ್ಮ ಕುರ್ಚಿ ಸರಿಸಿಕೊಂಡು ಆ ಜಾಗಕ್ಕೆ ಬಂದು ಕೂತು, ಅಪ್ಪನನ್ನು ಯಾವ ರೂಟಿನ ಬಸ್ಸಿನಲ್ಲಿದ್ದಿರಿ ಎಂದು ಕೇಳಿದರು. ನಾನು ಅವರಿಗೆ ಹೇಳಬೇಕಾಯಿತು: ತುತ್ತು ಇಳಿಯುವವರೆಗೆ ಮಾತಾಡಿಸಬೇಡಿ, ಆಮೇಲೆ ಎಷ್ಟು ಬೇಕಾದರೂ ಕೇಳಿ. ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹಾಲ್ ಅರ್ಧ ಖಾಲಿಯಾಗಿತ್ತು.

ಅವಳು ಅಪ್ಪನನ್ನು ಕೈ ಹಿಡಿದು ಬೇಸಿನ್ನಿನ ಕಡೆ ನಡೆಸಿಕೊಂಡು ಹೋದಳು. ಆಗ ನನಗೆ ಹಸಿವೆಯಿಂದ ತಲೆ ಸುತ್ತಿದ ಹಾಗಾಯಿತು. ಅಪ್ಪನ ತಟ್ಟೆಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ಎಳೆದುಕೊಂಡು ತಿನ್ನತೊಡಗಿದೆ. ಅಡುಗೆಯವನು ಬಂದು ನಿಂತು, ನನ್ನನ್ನೂ ತಟ್ಟೆಯನ್ನೂ ನೋಡಿ, "ಸಾರ್, ಬೇರೆ ತಟ್ಟೆ ತರ್ಲಾ?" ಎಂದ.

"ಇದರಲ್ಲೇ ಇದೆಯಲ್ಲ," ಎಂದೆ.

ಅವನು ನನ್ನನ್ನು ಹಾಗೇಕೆ ನೋಡುತ್ತ ನಿಂತನೋ. ಅನ್ನವೇನೋ ಹೇಳಿದ ಹದಕ್ಕೇ ಬೇಯಿಸಿದ್ದ. ಉಪ್ಪು ಮಾತ್ರ ಒಂದು ಚಿಟಿಕೆ ಕಡಿಮೆ.